ಮೋತಿಬಿಂದು ಕರಗಿಸುವ ಹನಿ, ಮೋತಿಬಿಂದು ತರುವ ಗುಳಿಗೆ: ಎರಡು ಸುದ್ದಿಗಳ ನಡುವಿನ ಕೊಲೆಸ್ಟರಾಲ್

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಣ್ಣಿನ ಬಗ್ಗೆ ಎರಡು ಸುದ್ದಿ ಮತ್ತೆ ಮತ್ತೆ ಸುತ್ತುತ್ತವೆ. ‘ಮೋತಿಬಿಂದುಗೆ ಆಪರೇಷನ್ ಬ್ಯಾಡ್ರಿ, ಡ್ರಾಪ್ಸ್ ಹಾಕಿದ್ರ ಕರಗ್ತೈತಿ’ ಎನ್ನುವುದು ಒಂದು. ‘ಕೊಲೆಸ್ಟರಾಲ್ ಗುಳಗಿ ತಿಂದ್ರ ಕಣ್ಣಿಗೆ ಪೊರಿ ಬರ್ತೈತಿ’ ಎನ್ನುವುದು ಇನ್ನೊಂದು. ಬಿಡಿಬಿಡಿಯಾಗಿ ಓದಿದರೆ ಎರಡಕ್ಕೂ ಸಂಬಂಧ ಕಾಣುವುದಿಲ್ಲ. ಸ್ವಲ್ಪ ವಿಚಾರಿಸಿದವರಿಗೆ ತಲೆ ಕೆಡುವುದು ಆಮೇಲೆ. ಆ ಹನಿಯಲ್ಲಿದೆ ಎನ್ನಲಾಗುವ ಲ್ಯಾನೊಸ್ಟೆರಾಲ್ ಕೊಲೆಸ್ಟರಾಲಿನ ಹತ್ತಿರದ ಬಂಧು. ದೇಹ ಕೊಲೆಸ್ಟರಾಲ್ ತಯಾರಿಸುವಾಗ ನಡುವೆ ಹುಟ್ಟುವ ವಸ್ತು. ಗುಳಿಗೆಯ ಕೆಲಸವೋ ಕೊಲೆಸ್ಟರಾಲ್ ಇಳಿಸುವುದು. ಹಾಗಾದರೆ ಹೃದಯಕ್ಕೆ ಬೇಡವಾದದ್ದು ಕಣ್ಣಿಗೆ ಬೇಕೇ?

ಬೇಕು. ಆದರೆ ಈ ಉತ್ತರದಿಂದ ಗುಳಿಗೆ ಬಿಡಬೇಕೆಂದಾಗಲಿ, ಹನಿ ಕೊಳ್ಳಬೇಕೆಂದಾಗಲಿ ಅರ್ಥವಾಗುವುದಿಲ್ಲ. ಯಾಕೆಂದು ತಿಳಿಯಲು ಕಣ್ಣಿನ ಮಸೂರದ ಒಂದೊಂದು ಕೋಶವನ್ನು ಸುತ್ತುವರಿದ ತೆಳು ಕೋಶಪೊರೆಯನ್ನು ನೋಡಬೇಕು. ಅಲ್ಲಿ ಪ್ರೋಟೀನುಗಳೂ ಲಿಪಿಡ್ ಎಂಬ ಕೊಬ್ಬಿನ ಅಣುಗಳೂ ಹೊಂದಿಕೊಂಡಿರುವವರೆಗೆ ಮಸೂರ ತಿಳಿಯಾಗಿರುತ್ತದೆ. (ಕಣ್ಣಿನ ರೋಗಕ್ಕೂ ಪೊರೆ ಎನ್ನುವುದುಂಟು; ಕೋಶಪೊರೆಯೊಂದಿಗೆ ಗೊಂದಲವಾಗದಿರಲೆಂದು ಇಲ್ಲಿ ರೋಗವನ್ನು ಮೋತಿಬಿಂದು ಎಂದೇ ಕರೆದಿದೆ.)

ದುರಸ್ತಿಯೇ ಇಲ್ಲದ ಅಂಗ

ಮಸೂರಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಅದು ಉಳ್ಳಾಗಡ್ಡಿಯ ಹಾಗೆ ಪದರ ಪದರವಾಗಿದೆ. ವ್ಯತ್ಯಾಸವೆಂದರೆ ಉಳ್ಳಾಗಡ್ಡಿಯ ಹೊಸ ಪದರ ಒಳಗಿನಿಂದ ಹುಟ್ಟುತ್ತದೆ, ಮಸೂರದ ಹೊಸ ಪದರ ಹೊರಗಿನಿಂದ ಸೇರುತ್ತದೆ. ಹಳೆಯ ಪದರಗಳು ಉದುರಿಹೋಗುವುದಿಲ್ಲ, ಒಳಕ್ಕೆ ಒತ್ತಿಕೊಳ್ಳುತ್ತವೆ. ಹಾಗಾಗಿ 70 ವರ್ಷದವರ ಮಸೂರದ ನಡುತಿರುಳು ಅವರು ತಾಯಿಯ ಗರ್ಭದಲ್ಲಿದ್ದಾಗ ಆದದ್ದೇ.

ಈ ಪದರಗಳು ಉದ್ದನೆಯ ತಂತುಕೋಶಗಳಿಂದ ಆಗಿವೆ. ಬೆಳಕಿಗೆ ಅಡ್ಡಬರಬಾರದೆಂದು ಈ ಕೋಶಗಳು ಬಲಿಯುವಾಗ ತಮ್ಮ ಕೋಶಕೇಂದ್ರ, ಮೈಟೊಕಾಂಡ್ರಿಯ ಎಲ್ಲವನ್ನೂ ಕಳೆದುಕೊಳ್ಳುತ್ತವೆ. ಉಳಿಯುವುದು ಒಳಗೆ ದಟ್ಟವಾದ ಪ್ರೋಟೀನ್ ದ್ರಾವಣ, ಹೊರಗೆ ಕೋಶಪೊರೆ. ಮಸೂರದ ತೂಕದಲ್ಲಿ ಮೂರನೇ ಒಂದು ಭಾಗ ಪ್ರೋಟೀನ್, ಉಳಿದದ್ದು ಬಹುಪಾಲು ನೀರು. ಇಷ್ಟು ದಟ್ಟ ಪ್ರೋಟೀನ್ ದೇಹದ ಬೇರೆ ಅಂಗಗಳಲ್ಲಿ ಅಪರೂಪ. ಪಾರದರ್ಶಕತೆಗೆ ಇದು ಅನಿವಾರ್ಯವಾದ ಏರ್ಪಾಡು, ಆದರೆ ಬೆಲೆ ದುಬಾರಿ: ಕೋಶಕೇಂದ್ರ ಇಲ್ಲದ ಮೇಲೆ ಹೊಸ ಪ್ರೋಟೀನ್ ತಯಾರಾಗದು, ಹಾಳಾದ ಲಿಪಿಡ್ ಬದಲಾಗದು. ಇದ್ದದ್ದರಲ್ಲೇ ಎಂಬತ್ತು ವರ್ಷ ಕಳೆಯಬೇಕು.

ಒಳಗಿನ ಪ್ರೋಟೀನುಗಳಲ್ಲಿ ಬಹುಪಾಲು ಕ್ರಿಸ್ಟಲಿನ್‌ಗಳು. ಅವುಗಳಲ್ಲಿ ಆಲ್ಫಾ ಕ್ರಿಸ್ಟಲಿನ್‌ಗೆ ಇನ್ನೊಂದು ಕೆಲಸವೂ ಇದೆ ಎಂಬುದನ್ನು ಜೋಸೆಫ್ ಹೊರ್ವಿಟ್ಜ್ 1992ರಲ್ಲಿ ತೋರಿಸಿದರು. ಮಡಿಕೆ ಬಿಚ್ಚಿಕೊಂಡ ಬೇರೆ ಪ್ರೋಟೀನುಗಳನ್ನು ಅದು ಹಿಡಿದಿಟ್ಟುಕೊಂಡು, ಅವು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ತಡೆಯುತ್ತದೆ. ಆದರೆ ಇದರ ದಾಸ್ತಾನೂ ಸೀಮಿತ. ಮುಗಿದರೆ ತಿರುಳಿನಲ್ಲಿ ಮತ್ತೆ ತುಂಬುವುದಿಲ್ಲ.

ಕೋಶಪೊರೆಯಲ್ಲಿ ಏನೇನಿದೆ

ಕೋಶಪೊರೆ ಎರಡು ಸಾಲು ಲಿಪಿಡ್‌ಗಳ ತೆಳು ಹಾಳೆ; ಅದರಲ್ಲಿ ಪ್ರೋಟೀನುಗಳು ನೆಟ್ಟಿರುತ್ತವೆ. ಮಸೂರದಲ್ಲಿ ಈ ನೆಟ್ಟ ಪ್ರೋಟೀನುಗಳ ಅರ್ಧದಷ್ಟನ್ನು ಆಕ್ವಾಪೊರಿನ್-0 ಒಂದೇ ಆಕ್ರಮಿಸಿದೆ. ನಾಲ್ಕು ನಾಲ್ಕಾಗಿ ಕೂಡಿ ನಿಲ್ಲುವ ಇದು ನೀರು ಹಾಯಲು ದಾರಿಯಾಗುತ್ತದೆ, ಪಕ್ಕದ ಕೋಶದ ಆಕ್ವಾಪೊರಿನ್-0 ಜೊತೆ ತಲೆಗೆ ತಲೆ ಕೊಟ್ಟು ಎರಡು ಕೋಶಗಳನ್ನು ಬಿಗಿಯಾಗಿ ಹಿಡಿದೂ ಇಡುತ್ತದೆ. ನಡುವಿನ ಸಂದು ದೊಡ್ಡದಾದರೆ ಬೆಳಕು ಚದುರುತ್ತದೆ, ಆದ್ದರಿಂದ ಈ ಹಿಡಿತ ಸಡಿಲಾಗುವಂತಿಲ್ಲ. ಈ ಪ್ರೋಟೀನಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಆನುವಂಶಿಕ ಮೋತಿಬಿಂದು ಬರುತ್ತದೆಂದು 2000ದಲ್ಲಿ ಎರಡು ಕುಟುಂಬಗಳ ಅಧ್ಯಯನದಿಂದ ಗೊತ್ತಾಯಿತು.

ಜೊತೆಗೆ ಕನೆಕ್ಸಿನ್ 46 ಮತ್ತು 50. ಇವು ಕೋಶದಿಂದ ಕೋಶಕ್ಕೆ ಸಣ್ಣ ಅಣುಗಳನ್ನು ದಾಟಿಸುವ ಕಿಂಡಿಗಳು. ರಕ್ತನಾಳವಿಲ್ಲದ ಮಸೂರದ ತಿರುಳಿಗೆ ಗ್ಲುಟಥಯೋನ್ ಎಂಬ ರಕ್ಷಕ ವಸ್ತು ತಲುಪುವುದು ಈ ಕಿಂಡಿಗಳ ಮೂಲಕ. ಮಸೂರದಲ್ಲಿ ಆಮ್ಲಜನಕದ ಹಾನಿಯನ್ನು ಎದುರಿಸುವವರಲ್ಲಿ ಇದೇ ಮುಖ್ಯ.

ಇನ್ನು ಲಿಪಿಡ್. ಮನುಷ್ಯರ ಮಸೂರದಲ್ಲಿ ಡೈಹೈಡ್ರೊಸ್ಫಿಂಗೊಮಯಲಿನ್ ಎಂಬ, ದೇಹದ ಬೇರೆಡೆ ಅಷ್ಟಾಗಿ ಕಾಣದ ಫಾಸ್ಫೋಲಿಪಿಡ್ (ಕೋಶಪೊರೆಯ ಹಾಳೆ ಕಟ್ಟುವ ಮುಖ್ಯ ಬಗೆಯ ಲಿಪಿಡ್) ಮೇಲುಗೈ ಪಡೆದಿದೆ. ಇದರ ಸರಪಳಿಗಳು ಬಹುತೇಕ ಪರ್ಯಾಪ್ತ, ಅಂದರೆ ಆಮ್ಲಜನಕ ಕಚ್ಚಿ ಹಿಡಿಯಲು ಸುಲಭದ ಜಾಗ ಕಡಿಮೆ. ಅಡುಗೆಮನೆಯಲ್ಲಿ ಪರ್ಯಾಪ್ತ ಕೊಬ್ಬೆಂದರೆ ದೂರವಿಡುವವರಿಗೆ ಇದು ವಿಚಿತ್ರವೆನಿಸಬಹುದು. ಎಂಬತ್ತು ವರ್ಷ ಬದಲಾಯಿಸದೆ ಇಡಬೇಕಾದ ಪೊರೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಇಲಿಯಂಥ ಅಲ್ಪಾಯುಷಿ ಪ್ರಾಣಿಗಳ ಮಸೂರದಲ್ಲಿ ಈ ಬಗೆಯ ಲಿಪಿಡ್ ಕಡಿಮೆ, ಬೇಗ ಕೆಡುವ ಬಗೆ ಹೆಚ್ಚು. ಇಲಿಯಲ್ಲಿ ಫಲ ಕೊಟ್ಟ ಔಷಧ ಮನುಷ್ಯರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದನ್ನು ಮುಂದಿನ ಮಾತಿಗೆ ನೆನಪಿಟ್ಟುಕೊಳ್ಳಿ.

ಇಷ್ಟೊಂದು ಕೊಲೆಸ್ಟರಾಲ್ ಯಾಕೆ

ಸಾಮಾನ್ಯ ಕೋಶದ ಹೊರಪೊರೆಯಲ್ಲಿ ಒಂದು ಫಾಸ್ಫೋಲಿಪಿಡ್ ಅಣುವಿಗೆ ಅರ್ಧದಿಂದ ಒಂದು ಅಣು ಕೊಲೆಸ್ಟರಾಲ್ ಇರುತ್ತದೆ. ವಯಸ್ಸಾದವರ ಮಸೂರದ ಹೊರಪದರದಲ್ಲಿ ಈ ಪ್ರಮಾಣ ಒಂದರಿಂದ ಎರಡು, ತಿರುಳಿನಲ್ಲಿ ಮೂರರಿಂದ ನಾಲ್ಕು. ಮನುಷ್ಯ ದೇಹದಲ್ಲಿ ಬೇರೆಲ್ಲೂ ಆರೋಗ್ಯವಂತ ಕೋಶಪೊರೆ ಇಷ್ಟು ಕೊಲೆಸ್ಟರಾಲ್ ತಾಳಿಕೊಂಡದ್ದು ಕಾಣುವುದಿಲ್ಲ.

ಈ ಪ್ರಮಾಣದಲ್ಲಿ ಕೊಲೆಸ್ಟರಾಲ್ ಫಾಸ್ಫೋಲಿಪಿಡ್‌ಗಳ ನಡುವೆ ಬೆರೆತು ಉಳಿಯಲಾರದು. ಒಟ್ಟು ಲಿಪಿಡ್‌ನಲ್ಲಿ ಅದರ ಪಾಲು ಶೇ 50ರ ಆಸುಪಾಸಿಗೆ ಬಂದಾಗ ಶುದ್ಧ ಕೊಲೆಸ್ಟರಾಲಿನದೇ ತೇಪೆಗಳು ಪೊರೆಯೊಳಗೆ ಮೂಡತೊಡಗುತ್ತವೆ. ಪ್ರಯೋಗಾಲಯದಲ್ಲಿ ತಯಾರಿಸಿದ ಸರಳ ಪೊರೆಗಳಲ್ಲಿ ಶೇ 66 ದಾಟಿದರೆ ಹೆಚ್ಚಿನದು ಹೊರಬಿದ್ದು ಹರಳಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ವಿಟೋಲ್ಡ್ ಸುಬ್ಚಿನ್ಸ್ಕಿಯವರ ತಂಡ ಬೇರೆ ಬೇರೆ ವಯಸ್ಸಿನ ದಾನಿಗಳ ಮಸೂರದಿಂದ ತೆಗೆದ ಪೊರೆಗಳಲ್ಲಿ ಈ ತೇಪೆಗಳನ್ನು ಬಹುಕಾಲ ಅಳೆಯಿತು. ಅವರ ವಾದ ಹೀಗೆ: ವಯಸ್ಸಾದಂತೆ ಫಾಸ್ಫೋಲಿಪಿಡ್‌ಗಳ ಸಂಯೋಜನೆ ಎಷ್ಟೇ ಬದಲಾದರೂ, ತೇಪೆಗಳು ಇರುವವರೆಗೆ ಸುತ್ತಲಿನ ಪೊರೆ ಕೊಲೆಸ್ಟರಾಲಿನಿಂದ ತುಂಬಿಕೊಂಡೇ ಇರುತ್ತದೆ; ಪೊರೆಯ ಗುಣ ಏರುಪೇರಾಗದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಇನ್ನೂ ಮುಖ್ಯವಾದದ್ದು ಪ್ರೋಟೀನ್ ಅಂಟುವ ಪ್ರಶ್ನೆ. ಇದೇ ಪರಂಪರೆಯಲ್ಲಿ ಬೆಳೆದು ಈಗ ಬೊಯಿಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ಲಕ್ಷ್ಮಣ ಮೈನಾಲಿಯವರ ತಂಡ, ಆಲ್ಫಾ ಕ್ರಿಸ್ಟಲಿನ್ ಪೊರೆಗೆ ಎಷ್ಟು ಅಂಟುತ್ತದೆ ಎಂದು ಅಳೆಯಿತು. ಕೊಲೆಸ್ಟರಾಲ್ ಹೆಚ್ಚಿಸುತ್ತ ಹೋದಂತೆ ಅಂಟುವುದು ಕಡಿಮೆಯಾಯಿತು. ತೇಪೆ ಮೂಡುವಷ್ಟು ಸೇರಿಸಿದಾಗ ಕೆಲವು ಮಿಶ್ರಣಗಳಲ್ಲಿ ಪೂರ್ತಿ ನಿಂತೇಹೋಯಿತು. ಅಂದರೆ ಮಸೂರದಲ್ಲಿ ಕೊಲೆಸ್ಟರಾಲ್ ಪ್ರೋಟೀನನ್ನು ಗೋಡೆಯಿಂದ ದೂರ ಇಡುತ್ತದೆ.

ಆಕ್ವಾಪೊರಿನ್-0 ವಿಷಯದಲ್ಲಿ ಅದರ ಕೆಲಸ ತದ್ವಿರುದ್ಧ, ಅಲ್ಲಿ ಅದು ಜೋಡಿಸುತ್ತದೆ. ಈ ಪ್ರೋಟೀನಿನ ಸುತ್ತ ಲಿಪಿಡ್‌ಗಳು ಹೇಗೆ ಕೂತಿವೆ ಎಂದು 2005ರಲ್ಲಿ ಥಾಮಸ್ ವಾಲ್ಜ್ ಮತ್ತು ಸಂಗಡಿಗರು 1.9 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಸೂಕ್ಷ್ಮತೆಯಲ್ಲಿ ನೋಡಿದ್ದರು. ಬಳಸಿದ್ದು ಕುರಿಯ ಮಸೂರದ ಪ್ರೋಟೀನ್. ಅವರ ಈಚಿನ ಕೆಲಸದಲ್ಲಿ ಸ್ಫಿಂಗೊಮಯಲಿನ್ ಮತ್ತು ಕೊಲೆಸ್ಟರಾಲನ್ನೇ ಬಳಸಿ ನೋಡಿದಾಗ, ಕೊಲೆಸ್ಟರಾಲ್ ಹೆಚ್ಚಿದ್ದ ಕಡೆ ಅದರ ಅಣುಗಳು ಎರಡು ಆಕ್ವಾಪೊರಿನ್ ಗುಂಪುಗಳ ನಡುವೆ ಪೊರೆಯ ಆಳಕ್ಕೆ ಇಳಿದು ಕೂತಿದ್ದವು. ಅವು ಹಾಗೆ ಕೂತಾಗ ಗುಂಪುಗಳನ್ನು ಬಿಡಿಸಲು ಹೆಚ್ಚು ಬಲ ಬೇಕೆಂದು ಗಣಕದ ಲೆಕ್ಕಾಚಾರ ತೋರಿಸಿತು.

ಕೆಡುವ ಬಗೆ

ನಲವತ್ತರ ಆಸುಪಾಸಿನಲ್ಲಿ ಮಸೂರದ ತಿರುಳಿನಲ್ಲಿ ಆಲ್ಫಾ ಕ್ರಿಸ್ಟಲಿನ್ ದಾಸ್ತಾನು ಬರಿದಾಗುತ್ತ ಬರುತ್ತದೆ. ಇದ್ದದ್ದೆಲ್ಲ ಹಾಳಾದ ಪ್ರೋಟೀನುಗಳನ್ನು ಹಿಡಿದುಕೊಂಡು ಭಾರವಾಗಿ, ಕರಗದ ಮುದ್ದೆಯಾಗಿ ಪೊರೆಯ ಮೇಲೆ ಕೂರುತ್ತದೆ. ಆಸ್ಟ್ರೇಲಿಯಾದ ರೋಜರ್ ಟ್ರಸ್ಕಾಟ್ ಅವರ ತಂಡ ಮಾನವ ಮಸೂರಗಳಲ್ಲಿ ಇದನ್ನು ದಾಖಲಿಸಿದೆ. ಪೊರೆಯ ಮೇಲೆ ಪ್ರೋಟೀನ್ ಜಮೆಯಾದರೆ ನೀರಿನ ದಾರಿ, ಕನೆಕ್ಸಿನ್ ಕಿಂಡಿ ಎರಡಕ್ಕೂ ಅಡ್ಡಿ. ಅದೇ ವಯಸ್ಸಿನಲ್ಲಿ ಹೊರಪದರಕ್ಕೂ ತಿರುಳಿಗೂ ನಡುವೆ ಸಣ್ಣ ಅಣುಗಳ ಸಂಚಾರ ನಿಧಾನವಾಗುವುದೂ ಕಂಡಿದೆ. ಸಂಚಾರ ನಿಧಾನವಾದರೆ ಗ್ಲುಟಥಯೋನ್ ತಿರುಳಿಗೆ ತಲುಪದು. ತಲುಪದಿದ್ದರೆ ಅಲ್ಲಿನ ಪ್ರೋಟೀನುಗಳು ಉತ್ಕರ್ಷಿಸಿ ಒಂದಕ್ಕೊಂದು ಗಟ್ಟಿ ರಾಸಾಯನಿಕ ಕೊಂಡಿ ಹಾಕಿಕೊಳ್ಳುತ್ತವೆ. ಇನ್ನಷ್ಟು ಮುದ್ದೆ, ಇನ್ನಷ್ಟು ಅಂಟು. ಬಣ್ಣ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ.

ಇಲ್ಲಿ ತಜ್ಞರೆಲ್ಲ ಒಂದೇ ಮಾತಿನವರಲ್ಲ. ಪೊರೆಗೆ ಅಂಟುವುದೇ ರೋಗದ ಬೀಜ ಎನ್ನುವವರಿದ್ದಾರೆ. ಹಾಳಾದ ಪ್ರೋಟೀನನ್ನು ಬೆಳಕಿನ ದಾರಿಯಿಂದ ಬದಿಗೆ ಸರಿಸಿಡುವ ಉಪಾಯವೇ ಇದು, ಮಿತಿ ಮೀರಿದಾಗ ಮಾತ್ರ ಹಾನಿ ಎನ್ನುವವರೂ ಇದ್ದಾರೆ. ಕೊಲೆಸ್ಟರಾಲಿನ ಬಗ್ಗೆಯೂ ಹಾಗೆಯೇ: ಬಹಳ ಬಲಿತ ಮೋತಿಬಿಂದುವಿನಲ್ಲಿ ವೈದ್ಯರ ಸೂಕ್ಷ್ಮದರ್ಶಕಕ್ಕೆ ಕೊಲೆಸ್ಟರಾಲ್ ಹರಳುಗಳು ಮಿನುಗುವುದು ಕಾಣುತ್ತದೆ, ಹಾಗಿದ್ದರೆ ಅದು ರಕ್ಷಕ ಹೇಗಾದೀತು ಎಂಬ ಆಕ್ಷೇಪವಿದೆ. ಆದರೆ 61ರಿಂದ 70 ವಯಸ್ಸಿನವರ ಮಸೂರಗಳನ್ನು ಹೋಲಿಸಿದಾಗ ತಿಳಿ ಮಸೂರದ ಪೊರೆಗಿಂತ ಮೋತಿಬಿಂದು ಆದ ಮಸೂರದ ಪೊರೆಯಲ್ಲಿ ಕೊಲೆಸ್ಟರಾಲ್ ಕಡಿಮೆ ಇತ್ತು. ಹರಳು ಕಾಣುವುದು ಪೊರೆ ಒಡೆದ ಮೇಲಿನ ಅವಶೇಷ ಎಂದು ಓದಿಕೊಳ್ಳುವುದೇ ಈಗಿನ ಪುರಾವೆಗೆ ಹೆಚ್ಚು ಹೊಂದುತ್ತದೆ.

ಗುಳಿಗೆಯ ಮೇಲಿನ ಆರೋಪ

ಗುಳಿಗೆಯ ಭಯಕ್ಕೆ ಇತಿಹಾಸವಿದೆ. 1960ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ರಿಪರನಾಲ್ ಎಂಬ ಕೊಲೆಸ್ಟರಾಲ್ ಇಳಿಸುವ ಔಷಧ, ರೋಗಿಗಳಿಗೆ ಮೋತಿಬಿಂದು ತಂದಿದ್ದರಿಂದ 1962ರಲ್ಲಿ ವಾಪಸಾಯಿತು. ಅದು ದೇಹದಲ್ಲಿ ಕೊಲೆಸ್ಟರಾಲ್ ತಯಾರಿಕೆಯ ಕೊನೆಯ ಮೆಟ್ಟಿಲನ್ನು ತಡೆಯುತ್ತಿತ್ತು. ಕೊಲೆಸ್ಟರಾಲ್ ಬದಲು ಅದರ ಹಿಂದಿನ ಮೆಟ್ಟಿಲಿನ ವಸ್ತುವಾದ ಡೆಸ್ಮೊಸ್ಟೆರಾಲ್ ಜಮೆಯಾಗುತ್ತಿತ್ತು. ಇಂದಿನ ಸ್ಟ್ಯಾಟಿನ್‌ಗಳು (ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದವು) ತೀರಾ ಮೊದಲ ಮೆಟ್ಟಿಲುಗಳಲ್ಲಿ ತಡೆಯುತ್ತವೆ. ನಾಯಿಗಳಿಗೆ ಭಾರಿ ಪ್ರಮಾಣ ಕೊಟ್ಟಾಗ ಇವೂ ಮಸೂರ ಕೆಡಿಸಿದ್ದುಂಟು. ಹಾಗಾಗಿಯೇ ಮನುಷ್ಯರ ಪ್ರಯೋಗಗಳಲ್ಲಿ ಕಣ್ಣು ಪರೀಕ್ಷೆ ಸೇರಿಸಿದರು. 8,245 ಜನರಿಗೆ 48 ವಾರ ಲೋವಾಸ್ಟಾಟಿನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಮಸೂರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಚರ್ಚೆ ಮತ್ತೆ ಎದ್ದದ್ದು 2016ರ ಹೋಪ್-3 ಪ್ರಯೋಗದಿಂದ. 12,705 ಜನ, ದಿನಕ್ಕೆ 10 ಮಿಲಿಗ್ರಾಂ ರೋಸುವಾಸ್ಟಾಟಿನ್ ಅಥವಾ ಔಷಧವಿಲ್ಲದ ಹುಸಿ ಗುಳಿಗೆ, ಸರಾಸರಿ ಐದೂವರೆ ವರ್ಷ. ಮೋತಿಬಿಂದು ಆಪರೇಷನ್ ಆದವರು ಔಷಧದ ಗುಂಪಿನಲ್ಲಿ ಶೇ 3.8, ಹುಸಿ ಗುಳಿಗೆಯ ಗುಂಪಿನಲ್ಲಿ ಶೇ 3.1. ಅಂದರೆ ಸಾವಿರ ಮಂದಿಗೆ ಏಳು ಆಪರೇಷನ್ ಹೆಚ್ಚು. ಅದೇ ಸಾವಿರ ಮಂದಿಯಲ್ಲಿ ಹೃದಯಾಘಾತ, ಲಕ್ವ ಮತ್ತು ಹೃದಯ-ರಕ್ತನಾಳದ ಸಾವು ಒಟ್ಟು ಸೇರಿ 48ರಿಂದ 37ಕ್ಕೆ ಇಳಿದವು. ಇವರು ಮೊದಲು ಹೃದ್ರೋಗ ಬಂದಿರದ ಜನ. ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ ಗುಳಿಗೆಯ ಲಾಭ ಇನ್ನೂ ದೊಡ್ಡದು. ಮೋತಿಬಿಂದುವನ್ನು ಒಂದು ಸಣ್ಣ ಆಪರೇಷನ್‌ನಿಂದ ಸರಿಪಡಿಸಬಹುದು, ಲಕ್ವವನ್ನು ಹಾಗೆ ಸರಿಪಡಿಸಲಾಗದು. ಸುದ್ದಿ ಓದಿ ಗುಳಿಗೆ ಬಿಟ್ಟವರು ಈ ಎರಡನೇ ಸಾಲನ್ನು ಓದಿರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ರಕ್ತದ ಕೊಲೆಸ್ಟರಾಲ್ ಏರಿದರೆ ಮಸೂರಕ್ಕೆ ಒಳ್ಳೆಯದೇ ಅಲ್ಲವೇ? ಮಸೂರ ತನಗೆ ಬೇಕಾದ ಕೊಲೆಸ್ಟರಾಲಿನ ಬಹುಪಾಲನ್ನು ತಾನೇ ಹೊರಪದರದ ಕೋಶಗಳಲ್ಲಿ ತಯಾರಿಸಿಕೊಳ್ಳುತ್ತದೆ. ತುಪ್ಪ ಹೆಚ್ಚು ತಿಂದರೆ ಅದು ತಿರುಳಿಗೆ ಹೋಗಿ ಸೇರುವುದಿಲ್ಲ.

ಹನಿಯ ಭರವಸೆ

2015ರ ಜುಲೈನಲ್ಲಿ ಕಾಂಗ್ ಝಾಂಗ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯೇ ಈ ಸುದ್ದಿಗಳ ಮೂಲ. ಲ್ಯಾನೊಸ್ಟೆರಾಲ್ ತಯಾರಿಸುವ ಕಿಣ್ವ ಕೆಟ್ಟ ಮಕ್ಕಳಿಗೆ ಹುಟ್ಟಿನಿಂದಲೇ ಮೋತಿಬಿಂದು ಇರುವುದನ್ನು ಅವರು ಗುರುತಿಸಿದರು. ಲ್ಯಾನೊಸ್ಟೆರಾಲ್ ಸೇರಿಸಿದಾಗ ಮುದ್ದೆಯಾದ ಕ್ರಿಸ್ಟಲಿನ್ ಬಿಚ್ಚಿಕೊಂಡಿತು, ನಾಯಿಗಳ ಮಸೂರ ತಿಳಿಯಾಯಿತು ಎಂದರು. ಸುದ್ದಿ ಹರಡುವಾಗ ಬಿಟ್ಟುಹೋದ ವಿವರ ಒಂದಿದೆ: ನಾಯಿಗಳಿಗೆ ಬರೀ ಹನಿ ಹಾಕಿರಲಿಲ್ಲ, ಕಣ್ಣಿನೊಳಗೆ ಚುಚ್ಚುಮದ್ದನ್ನೂ ಕೊಟ್ಟಿದ್ದರು.

ಆಮೇಲಿನ ಪರೀಕ್ಷೆಗಳು ನಿರಾಶಾದಾಯಕ. ಬೆಂಗಳೂರಿನ ನೇತ್ರತಜ್ಞರ ತಂಡವೊಂದು ಆಪರೇಷನ್‌ನಲ್ಲಿ ತೆಗೆದ ಮಾನವ ಮಸೂರದ ತಿರುಳುಗಳನ್ನು ಲ್ಯಾನೊಸ್ಟೆರಾಲ್ ದ್ರಾವಣದಲ್ಲಿ ಆರು ದಿನ ನೇರವಾಗಿ ಮುಳುಗಿಸಿಟ್ಟಿತು, ತಿಳಿಯಾಗಲಿಲ್ಲ. 2019ರಲ್ಲಿ ಇನ್ನೊಂದು ತಂಡವೂ ಇಲಿಯ ಮಸೂರದಲ್ಲಿ ಫಲ ಕಾಣಲಿಲ್ಲ ಎಂದು ಬರೆಯಿತು. 25-ಹೈಡ್ರಾಕ್ಸಿಕೊಲೆಸ್ಟರಾಲ್ ಬಗೆಯ ಅಣುವನ್ನು ಹನಿಯಾಗಿ ಹಾಕಿದ 2022ರ ಇಲಿ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಸೂರಗಳ ಮಬ್ಬು ಕಡಿಮೆಯಾಯಿತು. ಅಂದರೆ ಇಲಿಯಲ್ಲೇ ಉಳಿದರ್ಧಕ್ಕೆ ಪ್ರಯೋಜನವಾಗಲಿಲ್ಲ.

ಮುಳುಗಿಸಿಟ್ಟರೂ ಕರಗದ್ದು ಹನಿಯಿಂದ ಕರಗುವುದು ಹೇಗೆ? ಒಂದು ಹನಿಯಲ್ಲಿ 30ರಿಂದ 50 ಮೈಕ್ರೋಲೀಟರ್ ಔಷಧ. ರೆಪ್ಪೆ ಬಡಿದಾಗ ಹೆಚ್ಚಿನದು ಹೊರಚೆಲ್ಲಿ ಇಲ್ಲವೇ ಮೂಗಿಗೆ ಇಳಿದು ಹೋಗುತ್ತದೆ. ಕಣ್ಣಿನೊಳಕ್ಕೆ ದಾಟುವುದು ಶೇ 5ಕ್ಕಿಂತ ಕಡಿಮೆ. ಲ್ಯಾನೊಸ್ಟೆರಾಲ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ದಾಟಿದ ಚೂರೂ ಮಸೂರದ ಕವಚ, ಹೊರಪದರಗಳನ್ನು ದಾಟಿ ತಿರುಳಿಗೆ ಹೋಗಬೇಕು. ಆ ದಾರಿ ನಲವತ್ತರ ನಂತರ ಕಟ್ಟಿಕೊಳ್ಳುತ್ತದೆ. ತಲುಪಿದರೂ ಅಲ್ಲಿ ಇರುವುದು ಗಟ್ಟಿ ಕೊಂಡಿ ಬಿದ್ದ, ತುದಿ ತುಂಡಾದ, ಪೊರೆಗೆ ಅಂಟಿದ ಪ್ರೋಟೀನ್. ಇದನ್ನು ಬಿಚ್ಚುವುದು ಜೀನ್ ಬದಲಿಸಿದ ಎಳೆ ಇಲಿಯ ಮಸೂರದ ಮಬ್ಬು ಬಿಚ್ಚಿದಷ್ಟು ಸುಲಭವಲ್ಲ. ಆನ್‌ಲೈನ್‌ನಲ್ಲಿ ಸಿಗುವ ಎನ್-ಅಸಿಟೈಲ್‌ಕಾರ್ನೊಸಿನ್ ಹನಿಗಳ ಬಗ್ಗೆಯೂ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ 2017ರ ಕೊಕ್ರೇನ್ ಪರಾಮರ್ಶೆಗೆ ನಂಬಬಹುದಾದ ಪುರಾವೆ ಸಿಗಲಿಲ್ಲ.

2024ರಲ್ಲಿ ಓದುವ ಕನ್ನಡಕ ಬೇಡವೆಂದು ಪ್ರಚಾರ ಪಡೆದು, ಬಳಿಕ ಕೇಂದ್ರ ಔಷಧ ನಿಯಂತ್ರಕರು ಅನುಮತಿ ತಡೆಹಿಡಿದ ಪಿಲೋಕಾರ್ಪಿನ್ ಹನಿಯನ್ನೂ ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಅದು ಪಾಪೆಯನ್ನು ಕಿರಿದುಗೊಳಿಸುವ ಔಷಧ. ಮಸೂರದ ಮಬ್ಬಿಗೂ ಅದಕ್ಕೂ ಸಂಬಂಧವಿಲ್ಲ.

ಕಾದರೆ ಆಗುವುದೇನು

‘ಇನ್ನೂ ಹಣ್ಣಾಗಿಲ್ರಿ, ಕಬ್ಬಿನ ಹಂಗಾಮು ಮುಗೀಲಿ’ ಎಂದು ಮುಂದೂಡುವ ರೂಢಿ ಈ ಭಾಗದಲ್ಲಿ ಹಳೆಯದು. ಈಗ ‘ಹನಿ ಬರತೈತಂತ’ ಎನ್ನುವುದು ಅದಕ್ಕೆ ಸೇರಿದೆ. ಪೂರ್ತಿ ಬಲಿಯುವವರೆಗೆ ಕಾಯಬೇಕಿದ್ದದ್ದು ಹಳೆಯ ವಿಧಾನದ ಕಾಲದಲ್ಲಿ. ಈಗ 2.2ರಿಂದ 2.8 ಮಿಲಿಮೀಟರ್ ಕಿಂಡಿಯಲ್ಲಿ ಶಬ್ದತರಂಗದಿಂದ ತಿರುಳನ್ನು ಪುಡಿಮಾಡಿ ಹೀರುವ ಫೇಕೊ ವಿಧಾನಕ್ಕೆ ಮೆದು ತಿರುಳೇ ಅನುಕೂಲ. ಕಂದಾಗಿ ಕಲ್ಲಾದ ತಿರುಳಿಗೆ ಹೆಚ್ಚು ಶಕ್ತಿ ಬೇಕು. ಅದರಿಂದ ಕಾರ್ನಿಯದ ಒಳಪದರದ ಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಇಲ್ಲವೇ ಸುಮಾರು 6 ಮಿಲಿಮೀಟರ್ ಕಿಂಡಿಯಿಂದ ತಿರುಳನ್ನು ಇಡಿಯಾಗಿ ತೆಗೆಯಬೇಕು. ಶಿಬಿರಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ, ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ. ಮಿತಿ ಮೀರಿ ಬಲಿತರೆ ಪೊರೆಗಳು ಒಡೆದು ಪ್ರೋಟೀನ್ ಹೊರಸೋರಿ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿಯುವಂತೆ ನೋವು ಬಂದರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು.

2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದ ಭಾರತೀಯರ ಅಂಧತ್ವದಲ್ಲಿ ಶೇ 66.2ಕ್ಕೆ ಮೋತಿಬಿಂದುವೇ ಕಾರಣ. ಮಸೂರದ ದಾಸ್ತಾನು ಬೇಗ ಖರ್ಚಾಗುವುದಕ್ಕೆ ಗೊತ್ತಿರುವ ಕಾರಣಗಳು ಈ ಜಿಲ್ಲೆಗಳಲ್ಲಿ ಕಡಿಮೆಯೇನಿಲ್ಲ: ಬೀಡಿ-ಸಿಗರೇಟು ತಿರುಳಿನ ಮೋತಿಬಿಂದುಗೆ, ಬಿಸಿಲಿನ ಅತಿನೇರಳೆ ಕಿರಣ ಹೊರಪದರದ ಮೋತಿಬಿಂದುಗೆ, ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಗುಳಿಗೆ ಹಿಂಬದಿಯ ಮೋತಿಬಿಂದುಗೆ. ಹೊಲದಲ್ಲಿ ದುಡಿಯುವವರ ರುಮಾಲು ತಲೆ ಕಾಯುತ್ತದೆ, ಕಣ್ಣಿಗೆ ನೆರಳು ಕೊಡುವುದಿಲ್ಲ. ಮುಂದೆ ಅಂಚು ಚಾಚಿದ ಟೋಪಿ ಬೇಕು.

ಆಪರೇಷನ್ ಆಗಿ ವರ್ಷಗಳ ನಂತರ ‘ಪೊರಿ ಮತ್ತ ಬಂತು’ ಎನ್ನುವವರಿದ್ದಾರೆ. ಹಾಕಿದ ಲೆನ್ಸಿಗೆ ಮೋತಿಬಿಂದು ಬರಲಾರದು. ಹಳೆಯ ಕವಚದಲ್ಲಿ ಉಳಿದ ಕೆಲವು ಕೋಶಗಳು ಲೆನ್ಸಿನ ಹಿಂದೆ ಹರಡಿ ಮಬ್ಬು ಮಾಡುತ್ತವೆ. ಯಾಗ್ ಲೇಸರ್‌ನಿಂದ ನಿಮಿಷಗಳಲ್ಲಿ ತೆರವುಗೊಳಿಸಬಹುದು.

ಹಸುಗೂಸಿನ ಕಣ್ಣು

ಲಿಪಿಡ್ ತಯಾರಿಕೆಯ ದೋಷ ನೇರವಾಗಿ ಮೋತಿಬಿಂದು ತರುವುದು ನಿಸ್ಸಂಶಯವಾಗಿ ಕಾಣುವುದು ಶಿಶುಗಳಲ್ಲಿ. ಲ್ಯಾನೊಸ್ಟೆರಾಲ್ ಕಿಣ್ವದ ದೋಷ, ಕೊಲೆಸ್ಟರಾಲ್ ತಯಾರಿಕೆಯ ಕೊನೆಯ ಮೆಟ್ಟಿಲು ಕೆಡುವ ಸ್ಮಿತ್-ಲೆಮ್ಲಿ-ಒಪಿಟ್ಜ್ ಕಾಯಿಲೆ, ಇವು ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಕಾಣಿಸಿಕೊಳ್ಳುವಂಥವು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ನಡೆಯುವ ಉತ್ತರ ಕರ್ನಾಟಕದಲ್ಲಿ ಇಂಥ ಜೋಡಿ ಕೂಡುವ ಸಾಧ್ಯತೆ ಹೆಚ್ಚು. ರೋಗಗಳು ಅಪರೂಪ, ಆದರೆ ಅವಕ್ಕೆ ಕಾಯುವ ಸಮಯವಿಲ್ಲ. ಮಸೂರ ಮಬ್ಬಾಗಿದ್ದರೆ ಮೆದುಳು ನೋಡುವುದನ್ನೇ ಕಲಿಯುವುದಿಲ್ಲ. ಆಮೇಲೆ ಮಸೂರ ತೆಗೆದರೂ ದೃಷ್ಟಿ ಬಾರದು. ದಟ್ಟ ಮೋತಿಬಿಂದು ಒಂದೇ ಕಣ್ಣಿಗಿದ್ದರೆ ಸುಮಾರು ಆರು ವಾರ, ಎರಡಕ್ಕೂ ಇದ್ದರೆ ಎಂಟು ವಾರದೊಳಗೆ ಆಪರೇಷನ್ ಆಗಬೇಕು. ಕೂಸಿನ ಪಾಪೆಯಲ್ಲಿ ಬಿಳಿಚು ಕಂಡರೆ, ಎರಡು ತಿಂಗಳಾದರೂ ತಾಯಿಯ ಮುಖ ಹಿಂಬಾಲಿಸದಿದ್ದರೆ, ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಕಂಡರೆ ಅದೇ ವಾರ ನೇತ್ರತಜ್ಞರಿಗೆ ತೋರಿಸಬೇಕು. ಬಿಳಿ ಪಾಪೆ ಕಣ್ಣಿನ ಗಡ್ಡೆಯ ಲಕ್ಷಣವೂ ಆಗಿರಬಹುದಾದ್ದರಿಂದ ಪರೀಕ್ಷೆಯಾಗದೆ ಯಾವ ಹನಿಯನ್ನೂ ಹಾಕಬಾರದು.